ಗವಿಯ ಕಲ್ಲು ಶೋಕೇಸಿಗಲ್ಲ

ಮಾನ್ಯ ಸಂಪಾದಕರೇ,

ಸೋಮವಾರ ನಿಮ್ಮ ಹುಬ್ಬಳ್ಳಿ ಪುಟದಲ್ಲಿ ಬಂದ ‘ಗವಿ ಲಿಂಗಕ್ಕೆ ಮುಗಿಬಿದ್ದ ಜನ’ ವರದಿ ಓದಿ ಹೊಟ್ಟೆ ಉರಿಯಿತು. ಹುಬ್ಬಳ್ಳಿಯ ಮೈದಾನದ ಅಂಗಡಿಯೊಂದರಲ್ಲಿ ಮಾರುತ್ತಿರುವುದು ದಾಂಡೇಲಿ ಕಾಡಿನ ಗವಿಯಿಂದ ತಂದ ನೈಸರ್ಗಿಕ ಲಿಂಗವಂತೆ, ಮನೆಯಲ್ಲಿಟ್ಟರೆ ಶುಭವಂತೆ. ಮಾರುವವನ ಮಾತನ್ನು ಒಂದಕ್ಷರ ಬಿಡದೆ ಅಚ್ಚು ಹಾಕಿದ್ದೀರಿ. ದೊಡ್ಡ ಫೋಟೊ ಬೇರೆ. ಅದನ್ನು ಎಲ್ಲಿಂದ ಮುರಿದು ತಂದರು, ಯಾರು ಬಿಟ್ಟರು ಎಂದು ನಿಮ್ಮ ವರದಿಗಾರರು ಒಂದು ಮಾತು ಕೇಳಬಾರದಿತ್ತೇ?

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಪೇಪರ್ ಮಡಚಿಟ್ಟು ಆಗಲೇ ಧಾರವಾಡದಿಂದ ಬಸ್ ಹತ್ತಿದೆ. ನಿಂತುಕೊಂಡೇ ಹುಬ್ಬಳ್ಳಿಗೆ ಬಂದೆ. ಮಂಡಿ ನೋವು, ಮೇಲೆ ಬಿಸಿಲು. ಮೈದಾನದ ಗೇಟಿನಿಂದ ಆ ಅಂಗಡಿಯವರೆಗೆ ಧೂಳಿನಲ್ಲೇ ನಡೆಯಬೇಕು.

ಕೆಂಪು ಮಖಮಲ್ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಲಿಂಗ ಎಂದು ಮಾರುತ್ತಿದ್ದದ್ದು ಗವಿಯ ನೆಲದಿಂದ ಮೇಲೆ ಬೆಳೆದ ಕಂಬಗಳ ತುಂಡು. ಪುಸ್ತಕದಲ್ಲಿ ಸ್ಟಾಲಗ್ಮೈಟ್ ಎನ್ನುತ್ತಾರೆ. ಪಕ್ಕದಲ್ಲಿ ಚಾವಣಿಯಿಂದ ಇಳಿಬಿದ್ದಿದ್ದ ಸಣ್ಣ ಕೊಳವೆಗಳು. ಒಂದನ್ನು ಕೈಗೆತ್ತಿಕೊಂಡು ನೋಡಿದೆ. ನಡುವೆ ಕಡ್ಡಿ ತೂರುವಷ್ಟು ತೂತು. ಹನಿ ಇಳಿದು ಬಂದದ್ದು ಆ ದಾರಿಯಿಂದಲೇ. ಕಂಬದ ಮುರಿದ ತುದಿಯಲ್ಲಿ ಒಂದರ ಮೇಲೊಂದು ಪದರ, ತಿಳಿ ಕಂದು, ಬಿಳಿ, ಮತ್ತೆ ಕಂದು. ನಕಲಿ ಅಲ್ಲ, ಖರೆ ಗವಿಯ ಕಲ್ಲೇ. ನಕಲಿ ಆಗಿದ್ದರೆ ಸುಮ್ನೆ ಮನೆಗೆ ಬರುತ್ತಿದ್ದೆ.

“ಭಾಳ ಹೊಳೀತಾವಲ್ಲ, ಏನು ಮಾಡೀರಿ?” ಎಂದು ಕೇಳಿದೆ. “ಅಕ್ಕಾರ, ಬಾತ್‌ರೂಂ ಆ್ಯಸಿಡ್ ಹಾಕಿ ತಿಕ್ಕೀವ್ರಿ, ಹೊಲಸೆಲ್ಲ ಹೋತು” ಎಂದ ಹುಡುಗ. ಅವನಿಗೆ ಗೊತ್ತಿಲ್ಲ ಪಾಪ, ಅವನನ್ನು ಬೈಯುವುದಿಲ್ಲ. ಆದರೆ ಆ್ಯಸಿಡ್ ಬಿದ್ದರೆ ಸುಣ್ಣಕಲ್ಲು ನೊರೆಯಾಗಿ ಕರಗುತ್ತದೆ. ಮೊದಲು ಕರಗುವುದು ಹೊರಗಿನ ಪದರ, ಅಂದರೆ ಈಚಿನ ವರ್ಷಗಳು. ಅವನು ತಿಕ್ಕಿ ತೊಳೆದದ್ದು ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದ ಮಳೆಯನ್ನು.

ಹೇಗೆ ಅಂದರೆ, ಮಳೆ ನೀರು ಮಣ್ಣಿನಲ್ಲಿ ಇಳಿಯುವಾಗ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಕೆಳಗಿನ ಸುಣ್ಣಕಲ್ಲನ್ನು ಕರಗಿಸಿಕೊಂಡು ಗವಿಗೆ ಬರುತ್ತದೆ. ಅಲ್ಲಿ ಆ ಅನಿಲ ಗಾಳಿಗೆ ಹೋಗುತ್ತದೆ, ಸುಣ್ಣ ಹನಿ ಬಿದ್ದಲ್ಲಿ ಉಳಿಯುತ್ತದೆ. ಹೀಗೆ ಹನಿ ಹನಿಯಾಗಿ ಪದರ ಕೂಡುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಕೆಲವು ಕಡೆ ಅದಕ್ಕಿಂತಲೂ ಕಡಿಮೆ. ಆ ಲೆಕ್ಕದಲ್ಲಿ ಗೇಣುದ್ದದ ಕಲ್ಲು ಬೆಳೆಯಲು 2,000 ವರ್ಷವಾದರೂ ಬೇಕು. ಬಾದಾಮಿಯಲ್ಲಿ ಚಾಲುಕ್ಯರು ಬರುವ ಮೊದಲೇ ಶುರುವಾದ ಕಲ್ಲನ್ನು ಟಿವಿ ಪಕ್ಕದಲ್ಲಿ ಇಡಲು ಒಯ್ಯುತ್ತಿದ್ದಾರೆ.

ಆ ಪದರಗಳಲ್ಲಿ ಮಳೆಯ ಗುರುತು ಇರುತ್ತದೆ. ನೀರಿನಲ್ಲಿರುವ ಆಕ್ಸಿಜನ್‌ನಲ್ಲಿ ಹಗುರದ್ದೂ ಇದೆ, ಭಾರದ್ದೂ ಇದೆ. ವಿಜ್ಞಾನಿಗಳು 16, 18 ಎಂದು ಗುರುತಿಸುತ್ತಾರೆ. ನಮ್ಮಂಥ ಮುಂಗಾರಿನ ನಾಡಿನಲ್ಲಿ ಮಳೆ ಜೋರಾದ ಕಾಲದ ನೀರಿನಲ್ಲಿ ಭಾರದ್ದು ಕಡಿಮೆ, ಮಳೆ ಕೈಕೊಟ್ಟಾಗ ಜಾಸ್ತಿ. ಹನಿ ಕಲ್ಲಾದಾಗ ಆ ಏರಿಳಿತದ ಗುರುತು ಪದರದಲ್ಲಿ ಉಳಿಯುತ್ತದೆ. ವಯಸ್ಸು ತಿಳಿಯಲು ಯುರೇನಿಯಂ ಇದೆ. ಯುರೇನಿಯಂ ನೀರಿನಲ್ಲಿ ಕರಗಿ ಬರುತ್ತದೆ, ಥೋರಿಯಂ ಕರಗುವುದಿಲ್ಲ. ಹಾಗಾಗಿ ಪದರದಲ್ಲಿರುವ ಥೋರಿಯಂ ಹೆಚ್ಚುಕಮ್ಮಿ ಎಲ್ಲವೂ ಆ ಯುರೇನಿಯಂನಿಂದಲೇ ಒಳಗೆ ಹುಟ್ಟಿದ್ದು. ಯುರೇನಿಯಂ ಥೋರಿಯಂ ಆಗುವ ವೇಗ ಗೊತ್ತಿರುವುದರಿಂದ ಎರಡನ್ನೂ ಅಳೆದರೆ ವಯಸ್ಸು ಸಿಗುತ್ತದೆ. ಸುಮಾರು 5 ಲಕ್ಷ ವರ್ಷ ಹಿಂದಿನವರೆಗೂ ಹೋಗಬಹುದು.

ಇದೆಲ್ಲ ಯಾರದೋ ದೇಶದ ಮಾತು ಅಂದುಕೊಳ್ಳಬೇಡಿ. ನಮ್ಮ ಪಕ್ಕದ ಉತ್ತರ ಕನ್ನಡದ ಆಕಳಗವಿಯ ಕಲ್ಲಿನಿಂದ 331 ವರ್ಷಗಳ ಮಳೆಯ ಕಥೆ ತೆಗೆದಿದ್ದಾರೆ. 2004ರಲ್ಲೇ ಅದು ಪ್ರಕಟವಾಗಿದೆ. ಛತ್ತೀಸಗಡದ ಬಸ್ತರದಲ್ಲಿರುವ ದಂಡಕ್ ಗುಹೆಯ ಕಲ್ಲು ಸುಮಾರು ಕ್ರಿ.ಶ. 600ರಿಂದ 1500ರವರೆಗಿನ ಮಳೆ ಹೇಳಿದೆ. 14ನೇ ಶತಮಾನದಲ್ಲಿ, 15ನೇ ಶತಮಾನದ ಮೊದಲ ಅರ್ಧದಲ್ಲಿ ಮುಂಗಾರು ಪದೇ ಪದೇ ಸೋತದ್ದು ಅದರಲ್ಲಿ ಕಾಣುತ್ತದೆ. ದಖ್ಖನ್ನಿನಲ್ಲಿ ದುರ್ಗಾದೇವಿ ಬರ ಬಿದ್ದದ್ದು 1396ರಿಂದ 1407ರ ನಡುವೆ. ಜನ ಬಾಯಿಂದ ಬಾಯಿಗೆ ದಾಟಿಸಿದ ಬರದ ನೆನಪಿಗೆ ಕಲ್ಲು ಸಾಕ್ಷಿ ಹೇಳುತ್ತಿದೆ. ಮೇಘಾಲಯದ ಮಾವ್ಮ್ಲು ಗುಹೆಯ ಕಲ್ಲಿನದು ಇನ್ನೂ ದೊಡ್ಡ ಮಾತು. ಸುಮಾರು 4,200 ವರ್ಷ ಹಿಂದೆ ಮಳೆ ಕುಸಿದದ್ದು ಅದರಲ್ಲಿ ಸಿಕ್ಕಿತು. ಅಲ್ಲಿಂದ ಇಲ್ಲಿಯವರೆಗಿನ ಭೂಮಿಯ ಕಾಲಕ್ಕೆ 2018ರಲ್ಲಿ ಮೇಘಾಲಯದ ಹೆಸರನ್ನೇ ಇಟ್ಟರು.

ನವಲಗುಂದ, ಗದಗ, ಬ್ಯಾಡಗಿಯ ರೈತನಿಗೆ ಇದರಿಂದ ಏನು ಎಂದು ಕೇಳುವವರಿದ್ದಾರೆ. ಹವಾಮಾನ ಇಲಾಖೆ ಮುಂಗಾರಿನ ವಾಡಿಕೆ ಮಳೆ ಎನ್ನುವುದು 1971ರಿಂದ 2020ರವರೆಗಿನ ಸರಾಸರಿಯನ್ನು. ಆ ಇಲಾಖೆ ಹುಟ್ಟಿದ್ದೇ 1875ರಲ್ಲಿ. ನಮ್ಮ ಕಡೆ 2019ರಲ್ಲಿ ಪ್ರವಾಹ, 2023ರಲ್ಲಿ ಬರ. ಹತ್ತಾರು ವರ್ಷ ಸಾಲಾಗಿ ಮಳೆ ಹೋದರೆ ಹೇಗಿರುತ್ತದೆ ಎಂದು ಐವತ್ತು ವರ್ಷದ ಸರಾಸರಿಯಲ್ಲಿ ತಿಳಿಯುವುದಿಲ್ಲ. 1791–92ರ ಡೋಗಿ ಬರದ ಮಳೆಯನ್ನು ಇಲ್ಲಿ ಯಾರು ಅಳೆದಿಟ್ಟಿದ್ದಾರೆ? ಅಂಥ ಕಾಲದ ಮಳೆಯನ್ನು ಕೇಳಬೇಕೆಂದರೆ ಇಂಥ ಕಲ್ಲನ್ನೇ ಕೇಳಬೇಕು. ತಹಶೀಲ್ದಾರ್ ಕಚೇರಿಯ ಹಳೇ ದಫ್ತರವನ್ನು ಸಂತೆಯಲ್ಲಿ ಕಿಲೋ ಲೆಕ್ಕಕ್ಕೆ ಮಾರಿದರೆ ಜನ ಸುಮ್ಮನಿರುತ್ತಾರಾ?

ವಿಜ್ಞಾನಿಗಳೂ ಕಲ್ಲು ತೆಗೆಯುತ್ತಾರಲ್ಲ ಎಂದು ಆ ಅಂಗಡಿಯ ಮಾಲೀಕರು ವಾದಕ್ಕೆ ಬಂದರು. ತೆಗೆಯುತ್ತಾರೆ, ಆದರೆ ಅನುಮತಿ ಪಡೆದು. ಎಷ್ಟೋ ಸಲ ತಾನಾಗಿ ಬಿದ್ದ ಕಲ್ಲನ್ನೇ ಆರಿಸುತ್ತಾರೆ. ಯಾವ ಗವಿ, ಯಾವ ಜಾಗ, ಮೇಲಿನಿಂದ ಇನ್ನೂ ಹನಿ ಬೀಳುತ್ತಿತ್ತೋ ಇಲ್ಲವೋ, ಎಲ್ಲ ಬರೆದಿಟ್ಟುಕೊಳ್ಳುತ್ತಾರೆ. ಅದು ಗೊತ್ತಿಲ್ಲದ ಕಲ್ಲು ಅವರಿಗೂ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಮಖಮಲ್ಲಿನ ಮೇಲೆ ಇದ್ದವು ಹಾಗೆ ಕೆಟ್ಟು ಹೋದ ಕಲ್ಲುಗಳು. ಇನ್ನು ಭಕ್ತಿಯ ಮಾತು. ದಾಂಡೇಲಿ ಹತ್ತಿರದ ಕವಳಾ ಗುಹೆಯಲ್ಲಿ ಇಂಥದ್ದೇ ಕಲ್ಲನ್ನು ಶಿವಲಿಂಗವೆಂದು ಶಿವರಾತ್ರಿಗೆ ಪೂಜಿಸುತ್ತಾರೆ. ಜನ ಅಲ್ಲಿಗೇ ಹೋಗಿ ಕೈಮುಗಿದು ಬರುತ್ತಾರೆ. ದೇವರನ್ನು ಮುರಿದು ಚೀಲದಲ್ಲಿ ಹಾಕಿಕೊಂಡು ಬರುವುದು ಯಾವ ಭಕ್ತಿ?

ದೂರು ಕೊಡೋಣ ಎಂದು ಹೊರಟೆ. ಮೊದಲ ಕಚೇರಿಯಲ್ಲಿ ಸಾಹೇಬರು ಮೀಟಿಂಗಿನಲ್ಲಿ. ಕಾಯಲು ಒಂದು ಬೆಂಚೂ ಇಲ್ಲ, ಇದ್ದ ಕುರ್ಚಿಯ ಮೇಲೆ ಫೈಲು. ಆಮೇಲೆ ಒಬ್ಬರು ಬಂದು, “ಮೇಡಂ, ಕಲ್ಲು ನಮಗ ಬರಂಗಿಲ್ರಿ, ನಮಗ ಕಟ್ಟಿಗಿ ಅಷ್ಟ” ಎಂದರು. ಎರಡನೇ ಕಚೇರಿಯಲ್ಲಿ, ಕಾಡಿನದು ಅಂದರೆ ಮೊದಲನೆಯವರೇ ನೋಡಬೇಕು ಎಂದರು. ಇನ್ನೊಂದು ಕಡೆ ಅರ್ಜಿ ಎರಡು ಪ್ರತಿ ಕೊಡಿ ಎಂದರು. ಝೆರಾಕ್ಸ್ ಅಂಗಡಿಗೆ ಹೋದರೆ ಕರೆಂಟ್ ಇಲ್ಲ. ಫೋಟೊ ಕಳಿಸಿ ಎಂದು ಕೊಟ್ಟ ನಂಬರಿಗೆ ಕಳಿಸಿದೆ. ನೋಡಿದ್ದಾರೆ, ಉತ್ತರವಿಲ್ಲ. ಸಂಜೆ ಮತ್ತೆ ಅಂಗಡಿಗೆ ಹೋಗುವಷ್ಟರಲ್ಲಿ ದೊಡ್ಡ ಕಲ್ಲೆಲ್ಲ ಮಾರಾಟವಾಗಿತ್ತು. ‘ಪೇಪರಿನಾಗ ಬಂದೈತ್ರಿ’ ಎಂದು ನಿಮ್ಮ ವರದಿಯನ್ನೇ ಕತ್ತರಿಸಿ ಮೇಲೆ ಅಂಟಿಸಿದ್ದರು.

ಕಾಡಿನಿಂದ ತಂದ ಕಲ್ಲು, ಸುಣ್ಣಕಲ್ಲು ಸೇರಿ, ಅರಣ್ಯ ಉತ್ಪನ್ನವೇ. ಭಾರತೀಯ ಅರಣ್ಯ ಕಾಯ್ದೆಯಲ್ಲಿ 1927ರಿಂದಲೂ ಬರೆದಿದೆ. ನಿವೃತ್ತ ಟೀಚರಿಗೆ ಗೊತ್ತಿರುವುದು ಸಂಬಳ ತೆಗೆದುಕೊಳ್ಳುವವರಿಗೆ ಗೊತ್ತಿರಬೇಡವೇ?

ಇವರ ಹತ್ತಿರ ಇದು ಹೊಸದೂ ಅಲ್ಲ. ಗದಗ ಕಡೆಯ ಹಳ್ಳಿಯೊಂದರಲ್ಲಿ ನಾನು ಕೆಲಸ ಮಾಡುವಾಗ ವೀರಗಲ್ಲನ್ನು ಗಟಾರದ ಮೇಲೆ ಹಾಸಿದ್ದರು. ಬರೆದುಕೊಟ್ಟೆ. ಸಾಹೇಬರು ಬಂದರು, ಹಾರ ಹಾಕಿಸಿಕೊಂಡರು, ಹೋದರು. ಕಲ್ಲು ಗಟಾರದ ಮೇಲೆಯೇ ಉಳಿಯಿತು. ಶಾಲೆಯ ಅಂಗಳದ ಮಳೆ ಮಾಪಕದ ಡಬ್ಬಿ ಬಾಗಿ ಬಿದ್ದಿತ್ತು, ಅದಕ್ಕೆ ಆಡು ಕಟ್ಟುತ್ತಿದ್ದರು. ಆ ವರ್ಷವೂ ರಿಜಿಸ್ಟರಿನಲ್ಲಿ ಮಳೆ ತಪ್ಪದೆ ತುಂಬಿದ್ದರು! ಈಗಿನ ಮಳೆಯನ್ನೇ ಸರಿಯಾಗಿ ಬರೆಯದವರು ಹಳೆಯ ಮಳೆಯನ್ನು ಕಾಯುತ್ತಾರಾ? ನಮ್ಮ ಓಣಿಗೆ ಕುಡಿಯುವ ನೀರು ಯಾವ ದಿನ ಬರುತ್ತದೆ ಎಂದು ಕೇಳಿದರೂ ಇದೇ ಉತ್ತರ, ‘ನಮಗ ಬರಂಗಿಲ್ರಿ’. ರಸ್ತೆ ಅಗೆದವರು ಮುಚ್ಚಿಲ್ಲ, ಬೀದಿ ದೀಪ ಹಗಲು ಉರಿದು ರಾತ್ರಿ ಆರುತ್ತದೆ. ಯಾರಿಗೆ ಹೇಳಬೇಕು?

ಆ ಅಂಗಡಿಯನ್ನು ಕೂಡಲೇ ಮುಚ್ಚಿಸಬೇಕು. ಇಲ್ಲದಿದ್ದರೆ ಉಳಿದ ಕಲ್ಲನ್ನಾದರೂ ವಶಕ್ಕೆ ತೆಗೆದುಕೊಂಡು ಕಾಲೇಜಿನಲ್ಲೋ ವಸ್ತುಸಂಗ್ರಹಾಲಯದಲ್ಲೋ ಎಲ್ಲಾದರೂ ಇಡಬೇಕು. ಗವಿಗಳಿಗೆ ಕಾವಲು ಹಾಕಬೇಕು, ಬೋರ್ಡ್ ಹಾಕಬೇಕು, ಏನಾದರೂ ಒಂದು ಮಾಡಬೇಕು. ಸಂಪಾದಕರೇ, ನೀವೂ ಸೋಮವಾರದ ವರದಿಯಷ್ಟೇ ದೊಡ್ಡದಾಗಿ, ಈ ಕಲ್ಲು ಕೊಳ್ಳಬೇಡಿ ಎಂದು ಬರೆಯಿರಿ. ನನ್ನ ಪತ್ರವನ್ನು ಕತ್ತರಿಸಿ ಮೂಲೆಗೆ ಹಾಕಬೇಡಿ. ಸಾಹೇಬರುಗಳು ಆ ಕುರ್ಚಿಯ ಮೇಲಿನ ಫೈಲು ಎತ್ತಿಡಲಿ. ದೂರು ಹೇಳಲು ಬಂದವರು ಎಷ್ಟು ಹೊತ್ತು ಅಂತ ನಿಂತಿರಬೇಕು?

— ನಿವೃತ್ತ ವಿಜ್ಞಾನ ಶಿಕ್ಷಕಿ, ಧಾರವಾಡ