‘ಆಲ್ಪೈನ್ ಕಲ್ಲುಬಾನಿ ಕಿಟ್’ ಕುರಿತು ದೂರು: ಬಾನಿ ಕಲ್ಲಿನದಲ್ಲ, ಗಿಡ ಹಿಮಬೆಟ್ಟದ್ದಲ್ಲ

ದಿನಾಂಕ: 18 ಆಗಸ್ಟ್ 2025

ಇಂದ:
ಕಿಟ್ ಕೊಂಡ ಏಳು ಮನೆಯವರು,
ಬೆಂಗಳೂರು

ಇವರಿಗೆ:
ಗ್ರಾಹಕರ ದೂರು ಪರಿಹಾರ ಅಧಿಕಾರಿಗಳು,
ಆನ್‌ಲೈನ್ ತೋಟಗಾರಿಕೆ ಮಾರಾಟ ವಿಭಾಗ

ವಿಷಯ: ಜಾಹೀರಾತಿನಲ್ಲಿ ಹೇಳಿದ ಬಾನಿ ಮತ್ತು ಗಿಡಗಳನ್ನು ಕೊಡದಿರುವುದು, ಕೈಪಿಡಿಯಲ್ಲಿನ ತಪ್ಪು ಸೂಚನೆಗಳು ಹಾಗೂ ಹಣ ವಾಪಸಾತಿ ಬಗ್ಗೆ.

ಮಾನ್ಯರೇ,

ಕಳೆದ ಫೆಬ್ರವರಿಯಲ್ಲಿ ನಿಮ್ಮ ಜಾಲತಾಣದಿಂದ ನಾವು ಏಳು ಮನೆಯವರು ತಲಾ ಒಂದರಂತೆ ಏಳು ‘ಆಲ್ಪೈನ್ ಕಲ್ಲುಬಾನಿ ಕಿಟ್’ (ಹಿಮಬೆಟ್ಟದ ಗಿಡಗಳನ್ನು ಕಲ್ಲಿನ ಬಾನಿಯಲ್ಲಿ ಬೆಳೆಸುವ ಸಾಮಗ್ರಿ) ತರಿಸಿಕೊಂಡೆವು. ಒಂದಕ್ಕೆ 4,850 ರೂಪಾಯಿಯಂತೆ ಒಟ್ಟು 33,950 ರೂಪಾಯಿ ಕೊಟ್ಟಿದ್ದೇವೆ. ಗ್ರಾನೈಟ್ ಬಾನಿ, ‘ವಿಶೇಷ ಆಲ್ಪೈನ್ ಮಿಶ್ರಣ’, ನಾಲ್ಕು ಗಿಡ, ಒಂದು ಪೊಟ್ಟಣ ಜೆಂಟಿಯನ್ (ಬೆಟ್ಟದ ಹೂಗಿಡ) ಬೀಜ, ಅಲಂಕಾರದ ಕಲ್ಲು, ಪ್ಲಾಸ್ಟಿಕ್ ಮುಚ್ಚಳ ಮತ್ತು ಕೈಪಿಡಿ ಇದರಲ್ಲಿ ಇರುತ್ತವೆ ಎಂದು ನೀವು ಬರೆದಿದ್ದಿರಿ. ಗಿಡಗಳು ಹಾಳಾಗುತ್ತಿವೆ ಎಂದು ಮೂರು ಸಲ ಫೋನ್ ಮಾಡಿದಾಗಲೂ ನಿಮ್ಮ ಸಹಾಯವಾಣಿಯವರು ಹೇಳಿದ್ದು ಒಂದೇ ಮಾತು: ನೀರು ಜಾಸ್ತಿ ಆಗಿರಬೇಕು, ಬೆಳಿಗ್ಗೆ ಬುಡದಲ್ಲಿ ಎರಡು ಐಸ್ ತುಂಡು ಇಡಿ. ಅಷ್ಟರಲ್ಲಿ ಮುಗಿಯುವ ವಿಷಯ ಇದಲ್ಲ. ಅದಕ್ಕಾಗಿ ಪೆಟ್ಟಿಗೆಯಲ್ಲಿ ಬಂದ ಪ್ರತಿಯೊಂದನ್ನೂ ತೂಗಿ, ಅಳೆದು, ಜರಡಿ ಹಿಡಿದು ನೋಡಿದ ಮೇಲೆ ಈ ಪತ್ರ ಬರೆಯುತ್ತಿದ್ದೇವೆ.

ಮೊದಲು ಬಾನಿ. ಹೊರ ಅಳತೆ 60 × 40 × 20 ಸೆಂ.ಮೀ., ಒಳ ಅಳತೆ 50 × 30 × 15 ಸೆಂ.ಮೀ. ಒಟ್ಟು 48 ಲೀಟರ್ ಗಾತ್ರದಲ್ಲಿ ಒಳಗಿನ 22.5 ಲೀಟರ್ ಟೊಳ್ಳು ಕಳೆದರೆ 25.5 ಲೀಟರಿನಷ್ಟು ಕಲ್ಲು ಉಳಿಯಬೇಕು. ಗ್ರಾನೈಟು ಲೀಟರಿಗೆ ಸುಮಾರು 2.65 ಕಿಲೋ ತೂಗುವುದರಿಂದ ಬರಿಯ ಬಾನಿಯೇ 68 ಕಿಲೋ ಆಸುಪಾಸು ಇರಬೇಕಿತ್ತು. ನಿಮ್ಮ ಬಾನಿ ತೂಗಿದ್ದು 31 ಕಿಲೋ, ಅಂದರೆ ಲೀಟರಿಗೆ 1.2 ಕಿಲೋ. ತಳದ ಅಂಚಿನಲ್ಲಿ ಒಂದು ಚೂರು ಕೆತ್ತಿದರೆ ಒಳಗೆ ಬೂದು ಸಿಮೆಂಟ್ ಮತ್ತು ನಾರು ಕಾಣುತ್ತದೆ. ಅಡುಗೆಯ ವಿನೆಗರ್ ಹನಿಸಿದರೆ ನೊರೆ ಏಳುತ್ತದೆ, ಗ್ರಾನೈಟ್ ಮೇಲೆ ಹಾಗಾಗುವುದಿಲ್ಲ. ಇದು ಸಿಮೆಂಟ್, ಮರಳು, ಪೀಟ್ ಅಥವಾ ನಾರಿನ ಪುಡಿ ಕಲಸಿ ಅಚ್ಚು ಹಾಕುವ ಹೈಪರ್‌ಟುಫಾ.

ಹೈಪರ್‌ಟುಫಾ ಕೀಳಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಇಂಗ್ಲೆಂಡಿನಲ್ಲಿ ದನ, ಹಂದಿಗಳಿಗೆ ನೀರು ಮೇವು ಇಡುತ್ತಿದ್ದ ಹಳೆಯ ಬಾನಿಗಳೂ ಅಡುಗೆಮನೆಯ ಕಲ್ಲಿನ ತೊಟ್ಟಿಗಳೂ ಮೂಲೆ ಸೇರಿದಾಗ ತೋಟಗಾರರು ಅವುಗಳಲ್ಲಿ ಬೆಟ್ಟದ ಗಿಡ ನೆಟ್ಟರು. ನಮ್ಮ ಹಟ್ಟಿಗಳ ಕಲಗಚ್ಚಿನ ಬಾನಿಯೂ ಅಂಥದ್ದೇ. ನಿಜವಾದ ಕಲ್ಲಿನವು ಸಿಗದಾದಾಗ, ಬೆಲೆ ಏರಿದಾಗ ಬದಲಿಯಾಗಿ ಬಂದದ್ದು ಹೈಪರ್‌ಟುಫಾ. ಹಗುರ, ಗಾಳಿಯಾಡುತ್ತದೆ, ಬಾಲ್ಕನಿಗೆ ಇದೇ ವಾಸಿ. ಆದರೆ ಹೆಸರು ಹೇಳಿ ಮಾರಬೇಕು, ಗ್ರಾನೈಟಿನ ಬೆಲೆ ಹಾಕಬಾರದು. ಹೊಸ ಸಿಮೆಂಟಿನ ಸುಣ್ಣ ಇಳಿಯುವ ತನಕ, ಅಂದರೆ ಕೆಲವು ವಾರ, ನೀರು ತುಂಬಿಸಿ ಚೆಲ್ಲುತ್ತ ಅದನ್ನು ಹದ ಮಾಡಬೇಕು. ನೀವು ಕಳಿಸಿದ ಬಾನಿಗಳ ಒಳಗೋಡೆಯಲ್ಲಿ ಬಿಳಿ ಸುಣ್ಣದ ಪದರ ಹಾಗೆಯೇ ಇತ್ತು.

ನೀರು ಬಸಿಯುವ ವ್ಯವಸ್ಥೆಯಲ್ಲಿನ ತಪ್ಪು ಇದಕ್ಕಿಂತ ದೊಡ್ಡದು. ಇಷ್ಟು ಅಗಲದ ತಳಕ್ಕೆ 20ರಿಂದ 25 ಮಿ.ಮೀ. ಅಗಲದ ಮೂರು ನಾಲ್ಕು ತೂತು ಬೇಕು. ನಿಮ್ಮದರಲ್ಲಿ ಇರುವುದು 8 ಮಿ.ಮೀ.ನ ಒಂದೇ ತೂತು, ಅದೂ ಒಂದು ಮೂಲೆಯಲ್ಲಿ. ಐದು ಬಾನಿಗಳ ತಳ ಆ ಮೂಲೆಯ ಕಡೆಗೆ ಇಳಿಜಾರಾಗುವ ಬದಲು ಏರಿದೆ. ಬಾನಿಗೆ ಕಾಲಿಲ್ಲ, ಕೆಳಗೆ ಇಟ್ಟಿಗೆ ಚೂರು ಕೊಟ್ಟು ಎತ್ತರಿಸಿ ಎಂಬ ಒಂದು ಸಾಲೂ ಕೈಪಿಡಿಯಲ್ಲಿಲ್ಲ. ಹಾಗಾಗಿ ತೂತು ನೆಲಕ್ಕೆ ಅಂಟಿಕೊಂಡು ಮುಚ್ಚಿಹೋಗುತ್ತದೆ.

ಕೈಪಿಡಿಯ ನಾಲ್ಕನೇ ಪುಟದಲ್ಲಿ ‘ನೀರು ಬಸಿಯಲು ತಳದಲ್ಲಿ 5 ಸೆಂ.ಮೀ. ದಪ್ಪ ಜಲ್ಲಿ ಹಾಸಿ’ ಎಂದಿದೆ. ಹೀಗೆ ಮಾಡಿದರೆ ಆಗುವುದೇ ಬೇರೆ. ಸಣ್ಣ ಕಣಗಳ ಮಣ್ಣಿನಲ್ಲಿರುವ ನೀರು ಕೆಳಗಿನ ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ಮಣ್ಣಿನ ಕೊನೆಯ ಕೆಲವು ಸೆಂಟಿಮೀಟರು ಸದಾ ನೆನೆದೇ ಇರುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಅಡ್ಡ ಹಿಡಿದರೆ ತೊಟ್ಟಿಕ್ಕುವುದು ಬೇಗ ನಿಲ್ಲುತ್ತದೆ, ಅದನ್ನೇ ಉದ್ದಕ್ಕೆ ನಿಲ್ಲಿಸಿದರೆ ಮತ್ತೆ ನೀರು ಸುರಿಯುತ್ತದೆ. ಆಳ ಹೆಚ್ಚಿದಷ್ಟೂ ಮೇಲ್ಭಾಗ ಒಣಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಡ. 15 ಸೆಂ.ಮೀ. ಆಳದಲ್ಲಿ 5 ಸೆಂ.ಮೀ. ಜಲ್ಲಿಗೆ ಹೋದರೆ ಬೇರಿಗೆ ಉಳಿಯುವುದು 10 ಸೆಂ.ಮೀ., ಅದರಲ್ಲೂ ಕೆಳಗಿನ ಭಾಗ ಕೆಸರು. ತೂತಿನ ಮೇಲೆ ಒಂದು ತುಂಡು ನೈಲಾನ್ ಜಾಲರಿ ಅಥವಾ ಒಡೆದ ಹೆಂಚಿನ ಚೂರು ಇಟ್ಟು, ತಳದಿಂದ ಅಂಚಿನವರೆಗೂ ಒಂದೇ ಮಿಶ್ರಣ ತುಂಬಿಸುವುದು ಸರಿಯಾದ ಕ್ರಮ.

ಆ ಮಿಶ್ರಣದ ಮಾತಿಗೆ ಬರೋಣ. ನಿಮ್ಮ ‘ವಿಶೇಷ ಆಲ್ಪೈನ್ ಮಿಶ್ರಣ’ದಿಂದ ಒಂದು ಲೀಟರ್ ತೆಗೆದು ಒಣಗಿಸಿ ಜರಡಿ ಹಿಡಿದಾಗ 2 ಮಿ.ಮೀ.ಗಿಂತ ದಪ್ಪನೆಯ ಕಣ ಒಂದು ಚಹಾ ಲೋಟದಷ್ಟೂ ಸಿಗಲಿಲ್ಲ. ಉಳಿದದ್ದೆಲ್ಲ ಕೋಕೊಪೀಟ್ ಮತ್ತು ಎರೆಗೊಬ್ಬರ. ಸೊಪ್ಪು, ಟೊಮೆಟೊ ಬೆಳೆಯಲು ಇದು ಚೆನ್ನಾಗಿದೆ. ಕಲ್ಲಿನ ಸಂದಿಯಲ್ಲಿ ಬಡತನದಲ್ಲೇ ಬೆಳೆಯುವ ಗಿಡಕ್ಕೆ ಇದು ವಿಷ. ಗೊಬ್ಬರ ಹೆಚ್ಚಾದರೆ ಬಿಗಿಯಾದ ದಿಂಬಿನಂತೆ ಇರಬೇಕಾದ ಗಿಡ ಸಡಿಲವಾಗಿ ಉದ್ದ ಬೆಳೆದು ಮೊದಲ ಮಳೆಗೇ ಕೊಳೆಯುತ್ತದೆ. ಬಾನಿಗೆ ಬೇಕಿದ್ದುದು ಗಾತ್ರದ ಲೆಕ್ಕದಲ್ಲಿ 3ರಿಂದ 6 ಮಿ.ಮೀ. ಗ್ರಾನೈಟ್ ಜಲ್ಲಿ ಎರಡು ಪಾಲು, ಒರಟು ಮರಳು ಒಂದು ಪಾಲು, ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು. ದಿಂಬಿನಂತೆ ಬೆಳೆಯುವ ಎತ್ತರದ ಜಾತಿಗಳಿಗಾದರೆ ಮುಕ್ಕಾಲು ಭಾಗ ಜಲ್ಲಿಯೇ ಇರಲಿ. ಎಂ-ಸ್ಯಾಂಡ್ ಬಳಸಿದರೆ ತೊಳೆದು ಅದರ ದೂಳು ತೆಗೆಯಲೇಬೇಕು, ಇಲ್ಲವಾದರೆ ಆ ದೂಳು ಜಲ್ಲಿಯ ನಡುವಿನ ಗಾಳಿಯ ಜಾಗವನ್ನೆಲ್ಲ ತುಂಬಿ ಗಾರೆಯಂತೆ ಗಟ್ಟಿಯಾಗುತ್ತದೆ.

ಮೇಲೆ ಹರಡಲು ಕೊಟ್ಟ ಹೊಳಪಿನ ಬಿಳಿ ಗುಂಡುಕಲ್ಲೂ ವಿನೆಗರಿಗೆ ನೊರೆಯಾಯಿತು, ಅಂದರೆ ಅಮೃತಶಿಲೆಯ ಜಾತಿ, ಸುಣ್ಣ ಬಿಡುವಂಥದ್ದು. ಸುಣ್ಣ ಬೇಕೋ ಬೇಡವೋ ಎಂಬುದು ಗಿಡದ ಮೇಲೆ ಹೋಗುತ್ತದೆ. ಜೆಂಟಿಯನ್‌ಗಳಲ್ಲೇ ಜೆಂಟಿಯಾನ ಕ್ಲೂಸಿಯೈ ಸುಣ್ಣದ ಬಂಡೆಯಲ್ಲಿ ಬೆಳೆಯುವ ಗಿಡ, ಜೆಂಟಿಯಾನ ಸೈನೋ-ಆರ್ನೇಟಾ ಸುಣ್ಣ ಸೋಕಿದರೆ ಹಳದಿಯಾಗಿ ಸಾಯುತ್ತದೆ. ನಿಮ್ಮ ಬೀಜದ ಪೊಟ್ಟಣದ ಮೇಲೆ ಬರೀ ‘ಜೆಂಟಿಯನ್’ ಎಂದಿದೆ. ಯಾವ ಜಾತಿ, ಯಾವ ವರ್ಷದ ಬೀಜ, ಒಂದೂ ಇಲ್ಲ. ‘ಜೂನ್‌ನಲ್ಲಿ ಬಿತ್ತಿ ಬಿಸಿಲಲ್ಲಿಡಿ’ ಎಂಬ ಸೂಚನೆ ಮಾತ್ರ ಇದೆ. ಈ ಬೀಜ ಸಾಮಾನ್ಯವಾಗಿ ಚಳಿ ಕಾಣದೆ ಮೊಳೆಯುವುದಿಲ್ಲ. ಒದ್ದೆ ಮರಳಿನೊಂದಿಗೆ ಬೆರೆಸಿ ಫ್ರಿಜ್ಜಿನಲ್ಲಿ 4 ಡಿಗ್ರಿಯ ಆಸುಪಾಸಿನಲ್ಲಿ ಆರರಿಂದ ಎಂಟು ವಾರ ಇಟ್ಟು, ಆಮೇಲೆ ಮಣ್ಣು ಮುಚ್ಚದೆ ಮೇಲೆಯೇ ಉದುರಿಸಬೇಕು. ಏಳು ಮನೆಯಲ್ಲಿ ಒಂದು ಬೀಜವೂ ಮೊಳೆಯಲಿಲ್ಲ.

ಇನ್ನು ಗಿಡಗಳು. ‘ಎಡೆಲ್‌ವೈಸ್’ (ಆಲ್ಪ್ಸ್ ಬೆಟ್ಟದ ಹೂಗಿಡ) ಎಂದು ಬಂದದ್ದು ಏಳೂ ಕಿಟ್‌ನಲ್ಲಿ ಡಸ್ಟಿ ಮಿಲ್ಲರ್. ಎರಡಕ್ಕೂ ಬೆಳ್ಳಿಬಣ್ಣದ ರೋಮವಿದೆ ನಿಜ, ಆದರೆ ಎಡೆಲ್‌ವೈಸ್ ಎಲೆ ಕಿರಿದು, ಅಂಚು ಸೀಳಿಲ್ಲ. ಡಸ್ಟಿ ಮಿಲ್ಲರ್ ಎಲೆ ಆಳವಾಗಿ ಸೀಳಿರುತ್ತದೆ, ಅದು ಮೆಡಿಟರೇನಿಯನ್ ಕಡಲತೀರದ ಗಿಡ, ಇಲ್ಲಿನ ನರ್ಸರಿಗಳಲ್ಲಿ ಸಾಮಾನ್ಯ. ‘ಸೆಂಪರ್‌ವೈವಮ್’ (ಯುರೋಪಿನ ಬೆಟ್ಟಗಳ ದಪ್ಪ ಎಲೆಯ ಗಿಡ) ಹೆಸರಿನಲ್ಲಿ ನಾಲ್ಕು ಮನೆಗೆ ಬಂದದ್ದು ಮೆಕ್ಸಿಕೋ ಕಡೆಯ ಎಚೆವೇರಿಯಾ. ಸೆಂಪರ್‌ವೈವಮ್ ಎಲೆಯ ಅಂಚನ್ನು ಲೆನ್ಸಿನಲ್ಲಿ ನೋಡಿದರೆ ಸಾಲಾಗಿ ಸಣ್ಣ ಕೂದಲು ಕಾಣುತ್ತವೆ, ಎಚೆವೇರಿಯಾದಲ್ಲಿ ಸಾಮಾನ್ಯವಾಗಿ ಆ ಸಾಲು ಇರುವುದಿಲ್ಲ. ಉಳಿದ ಮೂರು ಮನೆಗೆ ನಿಜವಾದ ಸೆಂಪರ್‌ವೈವಮ್ ಬಂದಿತ್ತು. ಅವು ಜುಲೈನಲ್ಲಿ ಬುಡ ಕೊಳೆತು ಹೋದವು. ‘ಸ್ಯಾಕ್ಸಿಫ್ರೇಜ್’ (ಬಂಡೆಯ ಸಂದಿಯ ಗಿಡಗಳ ಒಂದು ಕುಲ) ಮಾತ್ರ ಸ್ಯಾಕ್ಸಿಫ್ರೇಜೇ, ಆದರೆ ಬಳ್ಳಿ ಬಿಟ್ಟು ಹರಡುವ ಸ್ಟೊಲೋನಿಫೆರಾ ಜಾತಿ. ಪೂರ್ವ ಏಷ್ಯಾದ ನೆರಳಿನ ಗಿಡ. ಅದು ಇನ್ನೂ ಬದುಕಿದೆ, ನೀವು ಹೇಳಿದಂತೆ ಪೂರ್ತಿ ಬಿಸಿಲಲ್ಲಿ ಇಡದೆ ನೆರಳಿಗೆ ಸರಿಸಿದ್ದರಿಂದ.

ನಾಲ್ಕನೆಯದು ‘ಹಿಮಾಲಯದ ಬ್ರಹ್ಮಕಮಲ’. ಇದಕ್ಕೆ ನಮ್ಮ ಆಕ್ಷೇಪ ಎಲ್ಲಕ್ಕಿಂತ ಹೆಚ್ಚು. ಬಂದದ್ದು ನಮ್ಮ ಮನೆಗಳಲ್ಲಿ ರಾತ್ರಿ ಅರಳುವ, ನಾವೆಲ್ಲ ಪ್ರೀತಿಯಿಂದ ಬ್ರಹ್ಮಕಮಲ ಎಂದೇ ಕರೆಯುವ ಎಪಿಫಿಲಮ್. ಅದು ಮೆಕ್ಸಿಕೋ, ಮಧ್ಯ ಅಮೆರಿಕದ ಕಳ್ಳಿ, ಮರದ ಮೇಲೆ ಬೆಳೆಯುವಂಥದ್ದು. ಅದರ ‘ಎಲೆ’ ನಿಜಕ್ಕೂ ಚಪ್ಪಟೆಯಾದ ಕಾಂಡ. ಹಿಮಾಲಯದ ಬ್ರಹ್ಮಕಮಲ ಸಾಸ್ಯೂರಿಯಾ ಆಬ್ವಲೇಟಾ, ಸೇವಂತಿಗೆಯ ಕುಟುಂಬದ್ದು, ಉತ್ತರಾಖಂಡದ ರಾಜ್ಯಪುಷ್ಪ, 3,500 ಮೀಟರಿಗೂ ಮೇಲೆ ಬೆಳೆಯುವುದು. ಜನ ಮನೆಯಲ್ಲಿ ಯಾವ ಹೆಸರಿನಿಂದ ಕರೆದರೂ ಅಡ್ಡಿಯಿಲ್ಲ. ಪಕ್ಕದ ಮನೆಯವರು ಒಂದು ತುಂಡು ಮುರಿದು ಹಾಗೇ ಕೊಡುವ ಗಿಡಕ್ಕೆ ‘ಹಿಮಾಲಯ’ದ ಚೀಟಿ ಅಂಟಿಸಿ ಹಣ ತೆಗೆದುಕೊಳ್ಳುವುದು ಮೋಸ.

ನೀವು ಹೇಳಿದ ಗಿಡಗಳನ್ನೇ ಕಳಿಸಿದ್ದರೂ ಅವು ಇಲ್ಲಿ ಉಳಿಯುತ್ತಿರಲಿಲ್ಲ, ಅದನ್ನು ನೀವು ಮಾರುವ ಮೊದಲೇ ಹೇಳಬೇಕಿತ್ತು. ಆಲ್ಪೈನ್ ಎಂದರೆ ಮರಗಳ ಸಾಲು ಮುಗಿದ ಮೇಲಿನ ಎತ್ತರದ ಗಿಡ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ, ಬೆಂಗಳೂರು ಇರುವುದು 900 ಮೀಟರ್ ಚಿಲ್ಲರೆಯಲ್ಲಿ. ಆ ಗಿಡಗಳು ಚಳಿಗಾಲದಲ್ಲಿ ಹಿಮದ ಹೊದಿಕೆಯ ಕೆಳಗೆ ಸೊನ್ನೆ ಡಿಗ್ರಿಯ ಹತ್ತಿರ ತಿಂಗಳುಗಟ್ಟಲೆ ನಿದ್ರಿಸುತ್ತವೆ. ಹೂಮೊಗ್ಗಿಗೆ ಅನೇಕ ಜಾತಿಗಳಿಗೆ ಆ ಚಳಿ ಬೇಕೇ ಬೇಕು. ಇಲ್ಲಿ ಜನವರಿಯ ರಾತ್ರಿಯೂ ಸರಾಸರಿ 15-16 ಡಿಗ್ರಿ. ಏಪ್ರಿಲ್ ಹಗಲು 34 ಡಿಗ್ರಿ ಸಾಮಾನ್ಯ, 2016ರ ಏಪ್ರಿಲ್‌ನಲ್ಲಿ 39.2 ತಲುಪಿತ್ತು. ರಾತ್ರಿ ಬೆಚ್ಚಗಿದ್ದರೆ ಹಗಲು ಕೂಡಿಟ್ಟ ಸಕ್ಕರೆಯನ್ನು ಗಿಡ ಉಸಿರಾಟದಲ್ಲೇ ಖರ್ಚು ಮಾಡಿ ಸೊರಗುತ್ತದೆ. ಆಲ್ಪ್ಸ್‌ನಲ್ಲಿ ಬೇಸಿಗೆ ಮತ್ತು ಚಳಿಗಾಲದ ಹಗಲಿನ ನಡುವೆ ಏಳು ಗಂಟೆಯಷ್ಟು ವ್ಯತ್ಯಾಸವಿದ್ದರೆ ಇಲ್ಲಿ ಒಂದೂವರೆ ಗಂಟೆ. ಋತು ಬದಲಾಯಿತೆಂದು ಗಿಡಕ್ಕೆ ತಿಳಿಯುವ ದಾರಿಯೇ ಇಲ್ಲ.

ಐಸ್ ತುಂಡು ಇದಕ್ಕೆ ಮದ್ದಲ್ಲ. ಬೇರಿನ ಒಂದು ಮೂಲೆ ಸ್ವಲ್ಪ ಹೊತ್ತು ತಂಪಾಗಿ, ಆಮೇಲೆ ಅದೇ ನೀರು ಬಸಿಯದ ಬಾನಿಯಲ್ಲಿ ನಿಲ್ಲುತ್ತದೆ. ಲಂಡನ್ನಿನ ಕ್ಯೂ ಸಸ್ಯೋದ್ಯಾನದಂಥ ತಂಪು ಜಾಗದಲ್ಲೇ 2006ರಲ್ಲಿ ತೆರೆದ ಗಾಜಿನ ಮನೆ ಡೇವಿಸ್ ಆಲ್ಪೈನ್ ಹೌಸ್‌ನಲ್ಲಿ ನೆಲದಡಿಯ ಕಾಂಕ್ರೀಟ್ ಸುರಂಗಗಳ ಮೂಲಕ ಗಾಳಿ ಹಾಯಿಸಿ, ತಂಪು ಮಾಡಿ, ಗಿಡಗಳ ಮೇಲೆ ಬೀಸುವ ವ್ಯವಸ್ಥೆ ಮಾಡಿದ್ದಾರೆ. ಇವಕ್ಕೆ ಬೇಕಾದ್ದು ಚಲಿಸುವ ತಂಪು ಗಾಳಿ. ನಿಮ್ಮ ‘ಮಿನಿ ಗ್ರೀನ್‌ಹೌಸ್’ ಮುಚ್ಚಳ ಕೊಡುವುದು ಅದಕ್ಕೆ ತದ್ವಿರುದ್ಧವಾದದ್ದನ್ನು. ಎರಡು ಮನೆಯಲ್ಲಿ ಅದನ್ನು ಹಾಕಿ ಒಳಗೆ ತಾಪಮಾಪಕ ಇಟ್ಟಾಗ ಮಧ್ಯಾಹ್ನ 47 ಡಿಗ್ರಿ ತೋರಿಸಿತು. ಬ್ರಿಟನ್ನಿನಲ್ಲಿ ಬಾನಿಯ ಮೇಲೆ ಗಾಜು ಇಡುವುದು ಚಳಿಗಾಲದ ಮಳೆ ತಡೆಯಲಿಕ್ಕೆ, ಬಿಸಿಗಲ್ಲ. ಇಟ್ಟಿಗೆಗಳ ಮೇಲೆ ಎತ್ತರಿಸಿ ನಾಲ್ಕೂ ಬದಿ ತೆರೆದೇ ಬಿಡುತ್ತಾರೆ.

ನಾವು ಕೇಳುವುದು ಇಷ್ಟು. ಏಳು ಕಿಟ್‌ಗಳ ಪೂರ್ತಿ ಹಣ 33,950 ರೂಪಾಯಿ, ಕೊಟ್ಟ ಖಾತೆಗಳಿಗೇ ವಾಪಸು ಬರಬೇಕು. ಬಾನಿಗಳನ್ನು ನಿಮ್ಮ ಖರ್ಚಿನಲ್ಲಿ ಒಯ್ಯಬೇಕು. ಮಾರಾಟದ ಪುಟದಲ್ಲಿ ‘ಗ್ರಾನೈಟ್’ ತೆಗೆದು ಹೈಪರ್‌ಟುಫಾ ಎಂದೂ, ಪ್ರತಿ ಗಿಡಕ್ಕೆ ಪೂರ್ಣ ಸಸ್ಯಶಾಸ್ತ್ರೀಯ ಹೆಸರನ್ನೂ, ಅದು ತಾಳುವ ತಾಪಮಾನವನ್ನೂ ಹಾಕಬೇಕು. ಮುಂದೆ ನಿಜವಾದ ಹಿಮಾಲಯದ ಗಿಡ ಮಾರುವುದಾದರೆ ಅದು ನರ್ಸರಿಯಲ್ಲಿ ಬೀಜದಿಂದ ಬೆಳೆದದ್ದು, ಕಾಡಿನಿಂದ ಕಿತ್ತದ್ದಲ್ಲ ಎಂಬ ದಾಖಲೆ ಜೊತೆಗಿರಲಿ. ಬೆಂಗಳೂರಿನ ಕಲ್ಲುಬಾನಿಗೆ ಎಚೆವೇರಿಯಾ, ಇಲ್ಲಿನ ಬಿಸಿಲು ತಾಳುವ, ನೀರು ತುಂಬಿದ ಎಲೆಯ ಸೀಡಮ್‌ಗಳು, ಬಂಡೆಯ ಮೇಲೆ ಬೆಳೆಯುವ ನಮ್ಮದೇ ಕಳ್ಳಿಯಂಥ ಕ್ಯಾರಲುಮಾ ಚೆನ್ನಾಗಿ ಒಪ್ಪುತ್ತವೆ. ಅವನ್ನು ಅವುಗಳ ಹೆಸರಿನಲ್ಲೇ, ಮೇಲೆ ಹೇಳಿದ ಜಲ್ಲಿ ಮಿಶ್ರಣದೊಂದಿಗೆ ಮಾರಿದರೆ ಕೊಳ್ಳುವವರು ಇದ್ದಾರೆ, ನಾವೂ ಕೊಳ್ಳುತ್ತೇವೆ.

2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ದೂರು ತಲುಪಿದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಆ ಅವಧಿ ಮೀರಿದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲೂ ಜಿಲ್ಲಾ ಗ್ರಾಹಕರ ಆಯೋಗದಲ್ಲೂ ಇದೇ ಪತ್ರವನ್ನು ಲಗತ್ತುಗಳ ಸಮೇತ ಸಲ್ಲಿಸುತ್ತೇವೆ.

ಲಗತ್ತು: ಏಳು ರಸೀದಿಗಳ ಪ್ರತಿ, ತೂಕದ ಚಿತ್ರಗಳು, ಬಾನಿಯ ತಳ ಮತ್ತು ಕೆತ್ತಿದ ಚೂರಿನ ಚಿತ್ರ, ಜರಡಿಯಲ್ಲಿ ಉಳಿದ ಕಣಗಳ ಚಿತ್ರ, ಗಿಡಗಳ ಮತ್ತು ಚೀಟಿಗಳ ಹತ್ತಿರದ ಚಿತ್ರಗಳು, ಕೈಪಿಡಿಯ 4ನೇ ಪುಟ.

ಇಂತಿ ತಮ್ಮ ವಿಶ್ವಾಸಿಗಳು,
ಕಿಟ್ ಕೊಂಡ ಏಳು ಮನೆಯವರ ಪರವಾಗಿ
(ಸಹಿಗಳು)