ಮದ್ದಲೆ ಬಿಡುವ ಮೊದಲು

ಪುಟ್ಟಾ,

ಯಕ್ಷಗಾನದ ಮದ್ದಲೆ ಕ್ಲಾಸು ಬಿಡುತ್ತೇನೆ ಅಂದೆಯಂತೆ, ನಿನ್ನಮ್ಮ ಫೋನಲ್ಲಿ ಹೇಳಿದಳು. ಕೈ ಓಡುತ್ತಿಲ್ಲ, ಜೊತೆಯವರೆಲ್ಲ ಮುಂದೆ ಹೋದರು ಅಂತ ಬೇಜಾರು, ಅಲ್ವಾ? ಬಿಡಬೇಡ ಮಗಾ. ನಿನಗೆ ಅವಸರ ಜಾಸ್ತಿ, ಅಷ್ಟೇ.

ರಜೆಯಲ್ಲಿ ನನ್ನ ಜೊತೆ ಹುಲಿ-ಕುರಿ ಆಡುವಾಗಲೂ ನೋಡಿದೆ. 3 ಹುಲಿ, 15 ಕುರಿ, ಗೆರೆ ಕೂಡುವ ಮನೆ 23. ಕವಡೆ ಇಲ್ಲ, ದಾಳ ಇಲ್ಲ, ಸೋತರೆ ಅದೃಷ್ಟವನ್ನು ಬೈಯುವ ಹಾಗೇ ಇಲ್ಲ. ಕುರಿಯ ಹಿಂದಿನ ಮನೆ ಖಾಲಿಯಿದ್ದರೆ ಹುಲಿ ಹಾರಿ ತಿನ್ನುತ್ತದೆ ಅಂತ ಗೊತ್ತಿದ್ದೂ ನೀನು ಸಿಕ್ಕ ಕಡೆ ಇಟ್ಟುಬಿಡುತ್ತೀಯ. ಬೆನ್ನಿಗೆ ಇನ್ನೊಂದು ಕುರಿ ಇದ್ದರೆ ಹುಲಿಗೆ ಏನೂ ಮಾಡಲಾಗದು. ಹದಿನೈದನ್ನೂ ಇಟ್ಟು ಮುಗಿಯುವ ತನಕ ಯಾವ ಕುರಿಯನ್ನೂ ಜರುಗಿಸುವ ಹಾಗಿಲ್ಲವಲ್ಲ, ಮೊದಲು ಎಡವಟ್ಟಾಗಿ ಇಟ್ಟದ್ದು ಆಟ ಮುಗಿಯುವವರೆಗೂ ಕಾಡುತ್ತದೆ.

ನೀನು ನುಡಿಸುವುದೂ ಹಾಗೇ ಆಗಿದೆ. ಚಂಡೆಗೆ ಕೋಲಿದೆ, ಅಬ್ಬರ ಅದಕ್ಕೆ ಒಪ್ಪುತ್ತದೆ. ಹಾಡುವ ಪದಕ್ಕೆ ಆಸರೆ ಮಾತ್ರ ಮದ್ದಲೆಯದೇ. ಹಾಡುವ ಭಾಗವತರು ಪದ ಎಲ್ಲಿ ಎತ್ತುತ್ತಾರೆ, ಎಲ್ಲಿ ಉಸಿರು ತಗೊಳ್ಳುತ್ತಾರೆ, ಜಾಗಟೆ ಎಲ್ಲಿ ಬೀಳುತ್ತದೆ, ಇಷ್ಟನ್ನೂ ಕಿವಿಯಲ್ಲಿ ಇಟ್ಟುಕೊಂಡೇ ಬೆರಳು ಆಡಬೇಕು, ಒಳ್ಳೆಯ ಮದ್ದಲೆಗಾರರನ್ನು ನೋಡು, ಕಣ್ಣು ಭಾಗವತರ ಮುಖದ ಮೇಲೇ ಇರುತ್ತದೆ. ಮೊಬೈಲಲ್ಲಿ ಬರುವ ಒಂದು ನಿಮಿಷದ ಬಿಡ್ತಿಗೆ, ಆ ಪೆಟ್ಟುಗಳ ಓಟ, ನೋಡಿ ಕಂಗೆಡಬೇಡ. ಝಂಪೆ ತಾಳದ 10 ಅಕ್ಷರ ಬಾಯಲ್ಲಿ ಹೇಳುತ್ತಾ ತೊಡೆ ಮೇಲೆ ತಟ್ಟು, ನಿಧಾನಕ್ಕೆ, ದಿನಾ. ಆಮೇಲೆ ಮದ್ದಲೆ ಮುಟ್ಟು. ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಬೇಕು, ಅಲ್ಲಿಯವರೆಗೆ ವೇಗ ಏರಿಸಲೇಬೇಡ.

ಇನ್ನೊಂದು. ಮಳೆಗಾಲದಲ್ಲಿ ನಾದ ಮಂಕಾದರೆ ಅದನ್ನೂ ನಿನ್ನ ಕೈಯ ತಪ್ಪು ಅಂದುಕೊಳ್ಳಬೇಡ. ತೇವಕ್ಕೆ ಚರ್ಮ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಅಂಚಿಗೆ ಮೇಲಿನಿಂದ ತಟ್ಟಿದರೆ ಏರುತ್ತದೆ, ಕೆಳಗಿನಿಂದ ತಟ್ಟಿದರೆ ಇಳಿಯುತ್ತದೆ, ಇದನ್ನು ಗುರುಗಳ ಎದುರೇ ಮಾಡಿ ಕಲಿ. ಒಣಗಲಿ ಅಂತ ಒಲೆ ಹತ್ತಿರ ಇಡಬೇಡ, ಚರ್ಮ ಬಿರಿಯುತ್ತದೆ. ನೆಲದ ಮೇಲೂ ಬೇಡ. ಶಿವಮೊಗ್ಗದ ರೂಮಲ್ಲಿ ಜಾಗ ಕಮ್ಮಿ, ಗೊತ್ತು. ಬಟ್ಟೆ ಸುತ್ತಿ ಮಂಚದ ಮೇಲಾದರೂ ಇಡು.

ದೀಪಾವಳಿಗೆ ತೀರ್ಥಹಳ್ಳಿಗೆ ಬರುವಾಗ ಮದ್ದಲೆ ತಗೊಂಡೇ ಬಾ. ನಾನು ಪದ ಹೇಳುತ್ತೇನೆ, ನೀನು ನುಡಿಸು. ರಾತ್ರಿ ಊಟ ಆದಮೇಲೆ ಹುಲಿ-ಕುರಿ, ಕುರಿ ನಿನ್ನದೇ.

ನಿನ್ನ ದೊಡ್ಡಪ್ಪ