ಪಾಣಿ ಅಂದರೂ ನೀರೇ: ಎಲ್‌ಕೆಜಿ, ಯುಕೆಜಿ ಮಕ್ಕಳ ಪೋಷಕರಿಗೆ

ಎಲ್ಲರಿಗೂ ಶರಣು, ಸಲಾಂ, ರಾಮ್ ರಾಮ್.

ಶಾಲೆ ಶುರುವಾಗಿ ಆರು ವಾರ ಆಯಿತು. ತಾಂಡಾದಿಂದ ಬರುವ ಒಬ್ಬ ಹುಡುಗಿ ಮೊದಲ ಹದಿನೈದು ದಿನ ಬಾಯಿ ಬಿಡಲೇ ಇಲ್ಲ. ಮಾತು ಬರಲ್ವೇನೋ ಅಂತ ನಮಗೂ ಅನುಮಾನ ಬಂತು. ಒಂದು ದಿನ ಆಡಿ ದಣಿದು ಬಂದವಳು ಮೆಲ್ಲಗೆ "ಪಾಣಿ" ಅಂದಳು. ಒಂದಿಬ್ಬರು ನಕ್ಕರು. ಪಕ್ಕದಲ್ಲಿದ್ದ, ಮನೆಯಲ್ಲಿ ಉರ್ದು ಮಾತಾಡುವ ಹುಡುಗ ಮಾತ್ರ ಥಟ್ಟನೆ ತನ್ನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟ. ಲಂಬಾಣಿಗರಿಗೂ ಮರಾಠಿಗರಿಗೂ ಪಾಣಿ, ಅವನ ಮನೆಯಲ್ಲಿ ಪಾನಿ. ನಮಗಿಂತ ಮೊದಲು ಅವನಿಗೆ ಗೊತ್ತಾಯಿತು. ಅವತ್ತಿನಿಂದ ಆಕೆ ಮಾತಾಡುತ್ತಿದ್ದಾಳೆ. ಈಗ "ಅಕ್ಕೋರೆ, ನೀರು" ಅಂತಾನೂ ಕೇಳುತ್ತಾಳೆ.

ತಪ್ಪು ನಮ್ಮದೂ ಇತ್ತು. "ಕನ್ನಡದಾಗ ಹೇಳು" ಅಂತ ಗದರಿದ್ದು ನಾವೇ. ನಾಲ್ಕು ವರ್ಷದ ಮಗುವಿಗೆ ಮನೆಮಾತು ಬಿಟ್ಟರೆ ಬೇರೆ ಮಾತೇ ಇಲ್ಲ, ಅದನ್ನೂ ಕಸಿದರೆ ಅದು ಸುಮ್ನೆ ಕೂರುತ್ತದೆ ಅಷ್ಟೇ. ಸಾಧ್ಯವಾದ ಕಡೆಯೆಲ್ಲ ಕನಿಷ್ಠ ಐದನೇ ಇಯತ್ತೆವರೆಗೆ ಮನೆಮಾತಿನಲ್ಲಿ ಕಲಿಸಿ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಕನ್ನಡ ಕಲಿಸುವುದನ್ನು ನಾವು ಬಿಡುವುದಿಲ್ಲ. ಮನೆಮಾತಿನ ಕೈ ಹಿಡಿದು ಕಲಿಸುತ್ತೇವೆ.

ಇನ್ನೊಂದು ಮಾತು. ಇದನ್ನು ಬರೆಯಲು ಮನಸ್ಸಿಗೆ ಕಷ್ಟ ಆಗುತ್ತಿದೆ. "ನನ್ನ ಮಗನ್ನ ಆ ಹುಡುಗನ ಬಾಜು ಕೂಡಿಸಬ್ಯಾಡ್ರಿ" ಅಂತ ಒಬ್ಬರು ಬಂದು ಹೇಳಿದರು. ಅದು ನನ್ನಿಂದ ಆಗುವುದಿಲ್ಲ. ನಮ್ಮದು ಸರ್ಕಾರಿ ಶಾಲೆ. ಸರ್ಕಾರ ಜಾತಿ, ಧರ್ಮ ನೋಡಿ ಭೇದ ಮಾಡುವಂತಿಲ್ಲ ಅಂತ ಸಂವಿಧಾನದ 15ನೇ ವಿಧಿಯಲ್ಲೇ ಇದೆ. ಅದು ಹಾಗಿರಲಿ, ಆ ಇಬ್ಬರೂ ಹುಡುಗರು ಮಣ್ಣಲ್ಲಿ ಒಟ್ಟಿಗೆ ಎತ್ತು ಮಾಡುತ್ತಾರೆ. ಒಬ್ಬ ಕೋಡು ಇಟ್ಟರೆ ಇನ್ನೊಬ್ಬ ಬಾಲ ಇಡುತ್ತಾನೆ. ಅವರನ್ನು ನಾನು ಹೇಗೆ ಬೇರೆ ಕೂಡಿಸಲಿ?

ಕೆಲವು ಮಕ್ಕಳ ಹತ್ತಿರ ನಮ್ಮ ಅಕ್ಕೋರು ಜಾಸ್ತಿ ಹೊತ್ತು ಕೂರುತ್ತಾರೆ. ಒಬ್ಬನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಅವನು ಮುಂದೆ ಕೂರುತ್ತಾನೆ. ಇನ್ನೊಬ್ಬಳು ಇಲ್ಲಿಗೆ ಬರುವ ತನಕ ಬಳಪ ಹಿಡಿದವಳಲ್ಲ. ಇದರಿಂದ ನಿಮ್ಮ ಮಗುವಿಗೆ ಕಡಿಮೆ ಆಗುವುದಿಲ್ಲ, ಅದನ್ನು ನೋಡಿಕೊಳ್ಳುವುದು ನನ್ನ ಜವಾಬ್ದಾರಿ.

ಕಬ್ಬು ಕಡಿಯಲು ಗ್ಯಾಂಗಿನ ಜೊತೆ ಹೋಗುವವರು ಹೊರಡುವ ಮುಂಚೆ ಒಂದು ಮಾತು ತಿಳಿಸಿ. ಹೆಸರು ತೆಗೆಯುತ್ತಾರೆ ಅಂತ ಹೆದರಬೇಡಿ. ಎಷ್ಟು ತಿಂಗಳು, ಯಾವ ಊರು ಅಂತ ಗೊತ್ತಾದರೆ ಜೊತೆಗೆ ಚಿತ್ರದ ಪುಸ್ತಕ ಕಟ್ಟಿ ಕೊಡುತ್ತೇವೆ. ಮಗುವನ್ನು ಯಾರ ಹತ್ತಿರವಾದರೂ ಬಿಟ್ಟು ಹೋಗುವುದಾದರೆ ಅವರ ಹೆಸರೂ ಹೇಳಿ ಹೋಗಿ.

ಇವತ್ತು ಮಗುವಿನ ಚೀಲದಲ್ಲಿ ಒಂದು ಚೀಟಿ ಇಟ್ಟಿದ್ದೇವೆ. ಹಸಿವು, ನೀರು, ನೋವು, ಹೆದರಿಕೆ, ಸಂಡಾಸು. ಈ ಐದಕ್ಕೂ ನಿಮ್ಮ ಮನೆಯಲ್ಲಿ ಏನಂತೀರಿ, ಬರೆದು ಸೋಮವಾರ ಕಳಿಸಿ. ಬರೆಯಲು ಬಾರದಿದ್ದರೆ ಬಂದು ಬಾಯಿಂದ ಹೇಳಿ, ನಾನೇ ಬರೆದುಕೊಳ್ಳುತ್ತೇನೆ. ಶಾಲೆ ಬಿಟ್ಟ ಮೇಲೂ ಐದರ ತನಕ ಇಲ್ಲೇ ಇರುತ್ತೇನೆ.

ಮುಖ್ಯೋಪಾಧ್ಯಾಯಿನಿ
ಸರ್ಕಾರಿ ಪ್ರಾಥಮಿಕ ಶಾಲೆ, ವಿಜಯಪುರ ಜಿಲ್ಲೆ